ಆ ಜರ್ಸಿಯನ್ನು ಕಿತ್ತುಕೊಳ್ಳಬೇಡಿ

ಕೊಡಗು ವಿಶ್ವವಿದ್ಯಾಲಯ ಉಳಿಯಬೇಕೋ ಮುಚ್ಚಬೇಕೋ ಎಂಬ ಜಗಳದಲ್ಲಿ ಕಟ್ಟಡದ ಮಾತು ಬಂತು, ಜಮೀನಿನ ಮಾತು ಬಂತು, ಸಂಬಳ, ಪಿಂಚಣಿ ಎಲ್ಲವೂ ಬಂತು. ಆಟದ ಮಾತೆತ್ತಿದವರನ್ನು ನಾನು ಕಾಣೆ. ಹಾಕಿಯನ್ನೇ ಉಸಿರಾಡುವ ಜಿಲ್ಲೆಯಲ್ಲಿ ಹೀಗಾಯಿತಲ್ಲ ಎಂಬ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಹೊಸ ವಿ.ವಿ.ಗಳ ಪೈಕಿ ಒಂಬತ್ತನ್ನು ಮುಚ್ಚಿ, ಅವುಗಳ ಕಾಲೇಜುಗಳನ್ನು ಹಳೆಯ ವಿ.ವಿ.ಗಳಿಗೆ ಸೇರಿಸುವ ವಿಚಾರ ಮುಂದಿಟ್ಟಿತು. ಕೊಡಗು, ಹಾಸನ, ಚಾಮರಾಜನಗರ, ಮಂಡ್ಯ, ಹಾವೇರಿ, ಕೊಪ್ಪಳ, ಬಾಗಲಕೋಟೆ ಆ ಪಟ್ಟಿಯಲ್ಲಿದ್ದವು. ದುಡ್ಡಿಲ್ಲ, ಸಿಬ್ಬಂದಿ ಇಲ್ಲ ಎಂಬುದು ಕಾರಣ. ಕಾರಣ ಸುಳ್ಳಲ್ಲ. ಕೈಗೆ ಪುಡಿಗಾಸು ಕೊಟ್ಟು ವಿ.ವಿ. ತೆರೆದ ಹಿಂದಿನ ಸರ್ಕಾರವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮುಚ್ಚಿದರೆ ಏನು ಕಳೆದುಹೋಗುತ್ತದೆ ಎಂಬ ಲೆಕ್ಕವನ್ನೂ ಯಾರಾದರೂ ಹಾಕಬೇಕಲ್ಲ.

ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳಲ್ಲಿ ಒಂದು ವಿ.ವಿ.ಗೆ ಒಂದು ಆಟಕ್ಕೆ ಒಂದೇ ತಂಡ. ವಿ.ವಿ.ಯಲ್ಲಿ ಇಪ್ಪತ್ತು ಕಾಲೇಜಿದ್ದರೂ ಒಂದೇ, ಇನ್ನೂರಿದ್ದರೂ ಒಂದೇ. ಕಬಡ್ಡಿಗೆ 12 ಜನ, ಹಾಕಿಗೆ 18 ಜನ. ಆ ತಂಡಕ್ಕೆ ಆಯ್ಕೆಯಾದವರನ್ನು ಕಾಲೇಜುಗಳಲ್ಲಿ ‘ಯೂನಿವರ್ಸಿಟಿ ಬ್ಲೂ’ ಎಂದು ಕರೆಯುತ್ತಾರೆ. ಆ ಹೆಸರಿನ ಹಿಂದೆ ಬದುಕಿನ ಪ್ರಶ್ನೆಯೂ ಇದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಅಂತರ ವಿ.ವಿ. ಕೂಟದಲ್ಲಿ ತಮ್ಮ ವಿ.ವಿ.ಯನ್ನು ಪ್ರತಿನಿಧಿಸಿದವರನ್ನು ಪರಿಗಣಿಸುವ ಅವಕಾಶವಿದೆ, ಅದಕ್ಕೆ ವಿ.ವಿ.ಯ ಕ್ರೀಡಾ ವಿಭಾಗ ನಮೂನೆ 3ರಲ್ಲಿ ಪ್ರಮಾಣಪತ್ರ ಕೊಡುತ್ತದೆ. ಪದಕ ಗೆದ್ದವರಿಗೆ ಆದ್ಯತೆ ಹೆಚ್ಚು, ನಿಜ. ಆದರೆ ಆ ಸಾಲಿನಲ್ಲಿ ನಿಲ್ಲಲಿಕ್ಕಾದರೂ ಮೊದಲು ತಂಡದಲ್ಲಿರಬೇಕು. ಒಂಬತ್ತು ವಿ.ವಿ. ಮುಚ್ಚಿದರೆ ಪ್ರತಿ ಆಟದಲ್ಲೂ ಒಂಬತ್ತು ತಂಡಗಳು ಇಲ್ಲವಾಗುತ್ತವೆ.

ಕೊಡಗಿನ ಕಾಲೇಜುಗಳು ದಶಕಗಳ ಕಾಲ ಮಂಗಳೂರು ವಿ.ವಿ.ಯಲ್ಲಿದ್ದವು. ಹಾಕಿ ಎಂದರೆ ಕೊಡಗಿನವರೇ, ಅಲ್ಲಿ ನಮಗೆ ಕೊರತೆಯಿರಲಿಲ್ಲ. ಆದರೆ ಅಥ್ಲೆಟಿಕ್ಸ್ ಟ್ರ್ಯಾಕಿಗೆ ಇಳಿದರೆ ಎದುರಿಗೆ ಮೂಡುಬಿದಿರೆಯ ಆಳ್ವಾಸ್. ದೇಶದ ನಾನಾ ರಾಜ್ಯಗಳಿಂದ ಪ್ರತಿಭೆಗಳನ್ನು ದತ್ತು ತೆಗೆದುಕೊಂಡು, ಊಟ, ವಸತಿ, ತರಬೇತಿ ಕೊಟ್ಟು ಬೆಳೆಸಿದ ಸಂಸ್ಥೆ ಅದು. ಅವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ವಿರಾಜಪೇಟೆಯ ಹಾಡಿಯಿಂದ, ಸಿದ್ದಾಪುರದ ತೋಟದ ಲೈನ್‌ಮನೆಯಿಂದ ಬಂದ ಹುಡುಗ ಆ ಆಯ್ಕೆಯಲ್ಲಿ ಗೆಲ್ಲುವುದು ಹೇಗೆ? ಹಾಕಿಗೆ ಸ್ಟಿಕ್ ಬೇಕು, ಟರ್ಫ್ ಬೇಕು, ಬೆನ್ನಿಗೆ ಮನೆತನ ಬೇಕು. ಲೈನ್‌ಮನೆಯ ಮಕ್ಕಳಿಗೆ ಉಳಿಯುವುದು ಓಟ, ಕಬಡ್ಡಿ, ವಾಲಿಬಾಲ್. ಅವರ ಪಾಲಿಗೆ ಸಣ್ಣ ವಿ.ವಿ.ಯ ತಂಡವೇ ತೆರೆದ ಬಾಗಿಲು.

ಅಂಥ ಒಂದು ತಂಡವನ್ನು ಹತ್ತಿರದಿಂದ ನೋಡಿದ್ದೇನೆ. ವಿ.ವಿ.ಯ ಹೆಸರು ಬೇಡ. ಮೈಸೂರಿನ ರೈಲು ನಿಲ್ದಾಣದಲ್ಲಿ ರಾತ್ರಿ ಹೊತ್ತು, ದಕ್ಷಿಣ ವಲಯ ಕೂಟಕ್ಕೆ ಹೊರಟಿದ್ದ ಕಬಡ್ಡಿ ಹುಡುಗರು ಜನರಲ್ ಬೋಗಿಯ ಮುಂದೆ ಬ್ಯಾಗುಗಳ ಮೇಲೆ ಕೂತಿದ್ದರು. ಟಿಕೆಟ್ ದುಡ್ಡು ದೈಹಿಕ ಶಿಕ್ಷಣ ನಿರ್ದೇಶಕರ ಜೇಬಿನದು. ಟಿಎ, ಡಿಎ ಬಿಲ್ಲು ಪಾಸಾಗುವುದು ಯಾವಾಗಲೋ. ಒಬ್ಬ ಹುಡುಗ ಪ್ಯಾಂಟು ಮೇಲೆತ್ತಿ ಮೊಣಕಾಲು ತೋರಿಸಿದ. ಸಿಪ್ಪೆ ಸುಲಿದಂತೆ ಕೆಂಪಗಾಗಿತ್ತು. “ಕೂಟ ಮ್ಯಾಟ್ ಮೇಲೆ ಸಾರ್. ನಾವು ಆಡೋದು ಮಣ್ಣಲ್ಲಿ. ಮೊನ್ನೆ ಬೇರೆ ಕಾಲೇಜಿನ ಮ್ಯಾಟ್ ಮೇಲೆ ಎರಡು ದಿನ ಆಡಿದ್ದು, ಅಷ್ಟಕ್ಕೇ ಹೀಗಾಯ್ತು” ಎಂದ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವನಿಗೆ ಮ್ಯಾಟ್ ಮೇಲೆ ಶೂ ಹಾಕಿಕೊಂಡರೆ ಹೆಜ್ಜೆಯೇ ಕೂರುವುದಿಲ್ಲ. ಮೊದಲ ಪಂದ್ಯದಲ್ಲೇ ಸೋತು ಬಂದರು ಎಂದು ಆಮೇಲೆ ತಿಳಿಯಿತು. ಆದರೆ ಆ ರಾತ್ರಿ ಆ ಹುಡುಗ ಬ್ಯಾಗಿನಿಂದ ಜರ್ಸಿ ತೆಗೆದು, ಬೆನ್ನಿನ ಮೇಲೆ ಅಚ್ಚಾಗಿದ್ದ ತನ್ನ ಜಿಲ್ಲೆಯ ಹೆಸರನ್ನು ಅಂಗೈಯಲ್ಲಿ ಸವರಿ ಮತ್ತೆ ಮಡಚಿಟ್ಟದ್ದನ್ನು ನಾನು ಮರೆಯಲಾರೆ.

‘ಪದಕ ಎಲ್ಲಿ?’ ಎಂದು ಕೇಳುವವರಿದ್ದಾರೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿ.ವಿ. ಕ್ರೀಡಾಕೂಟದಲ್ಲಿ 20 ಚಿನ್ನ ಗೆದ್ದು ಮೊದಲಾದದ್ದು ಜೈನ್ ವಿ.ವಿ. ವಿ.ವಿ.ಗಳ ಕ್ರೀಡಾ ಸಾಧನೆಗೆ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 2024ರಲ್ಲಿ ಹೋದದ್ದು ಚಂಡೀಗಡ ವಿಶ್ವವಿದ್ಯಾಲಯಕ್ಕೆ, ಎರಡನೆಯ ಸ್ಥಾನ ಲವ್ಲಿ ಪ್ರೊಫೆಷನಲ್‌ಗೆ. ಮೂರೂ ಖಾಸಗಿ. ಹಣವಿದ್ದವರು ಆಟಗಾರರನ್ನು ಕರೆತಂದು ಗೆಲ್ಲುತ್ತಾರೆ, ಗೆಲ್ಲಲಿ. ಸರ್ಕಾರಿ ವಿ.ವಿ.ಯ ಕೆಲಸ ಬೇರೆ. ತನ್ನ ಜಿಲ್ಲೆಯ ಮಕ್ಕಳಿಗೆ ಆಡಲು ಜಾಗ, ಕಲಿಸಲು ಒಬ್ಬ ಮೇಷ್ಟ್ರು, ಹೊರಗೆ ಹೋಗಿ ಸೆಣಸಲು ಒಂದು ತಂಡ ಕೊಡುವುದು. ಅಷ್ಟನ್ನು ಕೊಟ್ಟಮೇಲೆ ಪದಕದ ಲೆಕ್ಕ ಕೇಳಿ.

ಕೊಡಗಿನಲ್ಲಿ ಇದು ಕಷ್ಟವೂ ಅಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳನ್ನು ಅಂಗಳಕ್ಕೆ ಇಳಿಸಿ ಗಿನ್ನೆಸ್ ದಾಖಲೆ ಸೇರಿತು. ಅದನ್ನು ನಡೆಸಿದವರು ಮನೆಮನೆಯವರು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥ ಆಟಗಾರರ ನಾಡಿದು. ಟ್ರ್ಯಾಕಿನಲ್ಲಿ ಅಶ್ವಿನಿ ನಾಚಪ್ಪ ಓಡಿದ್ದನ್ನು ದೇಶ ನೋಡಿದೆ. ವಿ.ವಿ. ಇರುವ ಚಿಕ್ಕ ಅಳುವಾರದ ಹತ್ತಿರವೇ ಕೂಡಿಗೆಯ ಕ್ರೀಡಾಶಾಲೆಯಿದೆ. ಆ ಮೈದಾನವನ್ನು ವಿ.ವಿ. ತಂಡಗಳಿಗೂ ತೆರೆಯುವ ಒಂದು ಒಪ್ಪಂದ ಮಾಡಿಕೊಳ್ಳಲು ಎಷ್ಟು ಕೋಟಿ ಬೇಕು?

ವಿ.ವಿ. ಉಳಿಸಿ ಎಂದು ಧರಣಿ ಕೂತವರಿಗೂ ನನ್ನದೊಂದು ಮಾತಿದೆ. ಬರೀ ಬೋರ್ಡು ಉಳಿದರೆ ಸಾಲದು. ದೈಹಿಕ ಶಿಕ್ಷಣ ನಿರ್ದೇಶಕರಿಲ್ಲದ ಕಾಲೇಜು, ಮ್ಯಾಟ್ ಇಲ್ಲದ ಕಬಡ್ಡಿ ತಂಡ, ರಿಸರ್ವೇಶನ್ ಇಲ್ಲದ ರೈಲು ಪಯಣ ಇವನ್ನು ಇಟ್ಟುಕೊಂಡು ನಮ್ಮ ವಿ.ವಿ. ಎಂದು ಎದೆ ತಟ್ಟಿಕೊಳ್ಳಲಾಗದು.

ಮಡಿಕೇರಿ ಮತ್ತು ವಿರಾಜಪೇಟೆಯ ಶಾಸಕರಲ್ಲಿ ನನ್ನ ಕೋರಿಕೆ ಇಷ್ಟೇ. ವಿಲೀನದ ಕಡತಕ್ಕೆ ಯಾರಾದರೂ ಸಹಿ ಹಾಕುವ ಮೊದಲು ಸದನದಲ್ಲಿ ಎರಡು ಪ್ರಶ್ನೆ ಕೇಳಿ. ವಿದ್ಯಾರ್ಥಿಗಳಿಂದ ಕ್ರೀಡಾ ಶುಲ್ಕವೆಂದು ವಸೂಲಾದ ಹಣದಲ್ಲಿ ಆಟಗಾರರಿಗೆ ತಲುಪಿದ್ದೆಷ್ಟು? ಕೊಡಗು ವಿ.ವಿ.ಯ ಜರ್ಸಿ ತೊಟ್ಟವರಲ್ಲಿ ಮುಂದೆ ಎಷ್ಟು ಮಕ್ಕಳಿಗೆ ಮಂಗಳೂರಿನ ತಂಡದಲ್ಲಿ ಜಾಗ ಸಿಗುತ್ತದೆ?