ನಲವತ್ತೆಂಟು ಪಂಪ್‌ಸೆಟ್ಟು, ಒಂದು ಪೋರ್ಶೆ

ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ 2021ರಲ್ಲಿ ದೀಪಾವಳಿ ಬೋನಸ್ಸಿಗಿಂತ ಜಾಸ್ತಿ ಚರ್ಚೆ ಆಗಿದ್ದು ಒಂದು ಕಾರಿನ ಬಗ್ಗೆ. ಪೋರ್ಶೆ ಟೈಕಾನ್ ಆ ನವೆಂಬರಿನಲ್ಲಿ ಇಂಡಿಯಾಕ್ಕೆ ಬರೋದಿತ್ತು. ನಾಲ್ಕು ಬಾಗಿಲು, ಪೂರ್ತಿ ಎಲೆಕ್ಟ್ರಿಕ್. 2015ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಮಿಷನ್ ಇ ಅನ್ನೋ ಹೆಸರಲ್ಲಿ ತೋರಿಸಿದ್ದು, 2019ರಲ್ಲಿ ನಿಜವಾದ ಕಾರಾಗಿ ಹೊರಗೆ ಬಂದದ್ದು, 2021ರ ಕೊನೆಗೆ ನಮ್ಮ ಕಡೆ ಮುಖ ಮಾಡಿತ್ತು. ಗ್ರೂಪಿನಲ್ಲಿ ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಬದಲು ಅದರ ಫೋಟೋ ಬೀಳ್ತಿತ್ತು. ನಮ್ಮಲ್ಲಿ ಒಬ್ಬರೂ ಅದನ್ನ ಕೊಳ್ಳೋದಿಲ್ಲ. ಇಎಂಐ ಕಟ್ಟಿ ಮುಗಿಸೋಕೆ ಇನ್ನೊಂದು ಜನ್ಮ ಎತ್ತಬೇಕು. ಆದರೂ ಕಾಯ್ತಿದ್ದೆವು, ಮನೆಗೆ ಬರೋ ಹೊಸ ಅಳಿಯನಿಗೆ ಕಾದ ಹಾಗೆ.

ಸುಳ್ಳು ಯಾಕೆ ಹೇಳಲಿ, ನಾನೂ ಕಾಯ್ತಿದ್ದೆ. ನರ್ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಅದು 7 ನಿಮಿಷ 42 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿದ ವೀಡಿಯೋವನ್ನ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಟ್ಟಿಲ್ಲ. ಬೇರೆಯವರು 400 ವೋಲ್ಟಿನಲ್ಲಿ ಗುದ್ದಾಡ್ತಿದ್ದಾಗ ಇವರು 800 ವೋಲ್ಟಿನ ಸಿಸ್ಟಮ್ ತಂದರು. ವೋಲ್ಟೇಜ್ ಡಬಲ್ ಆದರೆ ಅಷ್ಟೇ ಪವರಿಗೆ ಕರೆಂಟು ಅರ್ಧ ಸಾಕು, ಕೇಬಲ್ ಸಣ್ಣದಾಗುತ್ತೆ, ಬಿಸಿ ಕಮ್ಮಿ ಆಗುತ್ತೆ. ಹಿಂದಿನ ಆಕ್ಸಲ್‌ಗೆ ಎರಡು ಗೇರು ಇಟ್ಟಿದ್ದಾರೆ, ಎಲೆಕ್ಟ್ರಿಕ್ ಕಾರಿನಲ್ಲಿ ಇದು ಅಪರೂಪ. ಆಗಿನ ಟರ್ಬೋ ಎಸ್ ಮಾಡೆಲ್ಲು ಸೊನ್ನೆಯಿಂದ ನೂರಕ್ಕೆ 2.8 ಸೆಕೆಂಡು. ಅದರಲ್ಲಿ ಟರ್ಬೋ ಅನ್ನೋ ಸಾಮಾನೇ ಇಲ್ಲ, ಇರೋಕೆ ಎಂಜಿನ್ನೇ ಇಲ್ಲವಲ್ಲ, ಆದರೂ ಹೆಸರು ಟರ್ಬೋ. ಇರಲಿ ಬಿಡಿ, ಮಸಾಲೆ ಇಲ್ಲದಿದ್ದರೂ ಮಸಾಲೆ ದೋಸೆ ಅನ್ನೋ ಹೋಟೆಲುಗಳು ನಮ್ಮಲ್ಲೂ ಇವೆ. ಎಂಜಿನಿಯರಿಂಗ್ ಓದಿದವನಿಗೆ ಇಂಥ ಕಾರು ನೋಡಿ ಬಾಯಲ್ಲಿ ನೀರೂರದಿದ್ದರೆ ಅವನ ಡಿಗ್ರಿ ವಾಪಸ್ ತಗೋಬೇಕು.

ನನ್ನ ತಲೆ ಕೆಟ್ಟದ್ದು ಕಾರಿನಿಂದ ಅಲ್ಲ. ಗ್ರೂಪಿನಲ್ಲಿ ಒಬ್ಬ ಹಾಕಿದ ಒಂದು ಸಾಲಿನಿಂದ: 'ಕೊನೆಗೂ ಸೂಪರ್‌ಕಾರ್ ತಗೊಂಡು ಭೂಮಿ ಉಳಿಸೋ ಕಾಲ ಬಂತು ಗುರು.' ಅದಕ್ಕೆ ಹನ್ನೊಂದು ಜನ ಹಸಿರು ಹಾರ್ಟು ಒತ್ತಿದ್ದರು.

ಅವತ್ತೇ ಸಂಜೆ ಊರಿಂದ ಅಪ್ಪನ ಫೋನು. ನಮ್ಮೂರು ಶಿರಾ ಕಡೆ. ಮಾತಿಗೆ ಮಾತು ಬಂದು ಕಾರಿನ ವಿಷಯ ಹೇಳಿದೆ. ಅಪ್ಪನಿಗೆ ಮೋಟಾರು ಅಂದರೆ ಒಂದೇ ಭಾಷೆ. 'ಎಷ್ಟು ಎಚ್‌ಪಿದಪ್ಪಾ?' ಅಂದರು. ಫುಲ್ಲು ಒತ್ತಿದರೆ ಏಳುನೂರ ಐವತ್ತು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: 'ಯಾವ ಟಿಸಿಗೆ ಕೊಡ್ತಾರೆ ಅದನ್ನ?'

ಪೇಟೆಯಲ್ಲೇ ಬೆಳೆದವರಿಗೆ ಹೇಳಬೇಕು. ಟಿಸಿ ಅಂದರೆ ಊರ ಹೊರಗೆ ಎರಡು ಕಂಬದ ನಡುವೆ ಕೂತಿರೋ ಟ್ರಾನ್ಸ್‌ಫಾರ್ಮರ್. ನಮ್ಮ ಕಡೆ ಇರೋದು 25, 63, ದೊಡ್ಡದು ಅಂದರೆ 100 ಕೆವಿಎ. ನಮ್ಮ ಬೋರಿಗೆ ಏಳೂವರೆ ಎಚ್‌ಪಿ ಮೋಟಾರು, ಅಂದರೆ 5.6 ಕಿಲೋವ್ಯಾಟ್. ಆಗಿನ ಟೈಕಾನ್ ತನಗೆ ತಕ್ಕ ಚಾರ್ಜರ್ ಸಿಕ್ಕರೆ 270 ಕಿಲೋವ್ಯಾಟ್‌ವರೆಗೆ ಎಳೆಯುತ್ತೆ, 5 ಪರ್ಸೆಂಟಿನಿಂದ 80ಕ್ಕೆ ಇಪ್ಪತ್ತೆರಡೂವರೆ ನಿಮಿಷ. ಭಾಗಿಸಿ ನೋಡಿ. ನಲವತ್ತೆಂಟು ಪಂಪ್‌ಸೆಟ್ಟು ಒಟ್ಟಿಗೆ ಓಡಿದ ಹಾಗೆ. ನಮ್ಮ ಕೆರೆ ಹಿಂದಿನ ಬಯಲಲ್ಲಿ ಇರೋ ಮೋಟಾರೆಲ್ಲ ಸೇರಿಸಿದರೂ ಅಷ್ಟಾಗಲ್ಲ. ನೂರರ ಟಿಸಿ ಮೂರು ಬೇಕು. ಅಪ್ಪ ಕೇಳಿದ್ದು ತಮಾಷೆಗಲ್ಲ, ಲೋಡ್ ಲೆಕ್ಕ ಗೊತ್ತಿರೋ ಮನುಷ್ಯನ ಪ್ರಶ್ನೆ ಅದು.

ನಮ್ಮ ಟಿಸಿ ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಸುಟ್ಟುಹೋಗಿತ್ತು. ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದವರ ಮೋಟಾರೆಲ್ಲ ಒಂದೇ ಏಟಿಗೆ ಎದ್ದವು, ಡಬ್ ಅಂತು, ಎಣ್ಣೆ ಸುರಿಯಿತು. ಕರೆಂಟ್ ಆಫೀಸಿಗೆ ಅಲೆದದ್ದು, ಅರ್ಜಿ ಬರೆದದ್ದು, ಕೊನೆಗೆ ಹದಿನಾಲ್ಕು ಮನೆಯವರು ದುಡ್ಡು ಸೇರಿಸಿ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದು ಸುಟ್ಟದ್ದನ್ನ ತಾವೇ ಸಾಗಿಸಿ ಇನ್ನೊಂದನ್ನ ತಂದದ್ದು. ಅಷ್ಟರಲ್ಲಿ ಹದಿನೆಂಟು ದಿನ ಆಗಿತ್ತು. ಅಡಿಕೆ ಮರ ಹದಿನೆಂಟು ದಿನ ತಡೆದುಕೊಳ್ಳುತ್ತೆ, ಕಡಲೆಕಾಯಿ ತಡೆಯಲ್ಲ.

'ರೈತರಿಗೆ ಕರೆಂಟು ಫ್ರೀ ತಾನೇ, ಮತ್ತೇನು ಗೋಳು?' ಅಂತ ಕೇಳೋರು ಇದ್ದಾರೆ, ನಮ್ಮ ಗ್ರೂಪಿನಲ್ಲೇ ಇದ್ದಾರೆ. ಹೌದು, 10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ. ಆದರೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಅನ್ನೋದು ಲೆಕ್ಕ, ಅದೂ ಪಾಳಿ ಮೇಲೆ. ನಮ್ಮಲ್ಲಿ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ವಾರದಲ್ಲಿ ಅರವತ್ತಾರು ವರ್ಷದ ಅಪ್ಪ ಟಾರ್ಚು, ಕೋಲು ಹಿಡಿದು ಹನ್ನೊಂದು ಗಂಟೆಗೆ ತೋಟಕ್ಕೆ ಹೋಗ್ತಾರೆ. ಸ್ಟಾರ್ಟರ್ ಡಬ್ಬಿಯ ಹಿಂದೆ ಹಾವು ಸುತ್ತಿಕೊಂಡಿರೋದು ನಮ್ಮ ಕಡೆ ಸುದ್ದಿಯೇ ಅಲ್ಲ. ನೀರು ಒಂದು ಪಟದಿಂದ ಇನ್ನೊಂದಕ್ಕೆ ತಿರುಗಿಸಿ, ಅಲ್ಲೇ ಗುಡಿಸಲಲ್ಲಿ ಕಣ್ಣು ಮುಚ್ಚಿ, ಬೆಳಗಿನ ಜಾವ ವಾಪಸ್ ಬರ್ತಾರೆ. ದುಡ್ಡು ಕೊಡ್ತೀವಿ, ಹಗಲು ಕರೆಂಟು ಕೊಡಿ ಅಂದರೆ ಕೊಡೋರಿಲ್ಲ. ಅದೇ ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ಯಾವುದೋ ಬೇಸ್‌ಮೆಂಟಿನಲ್ಲಿ ಒಬ್ಬರು ಕಾರಿಗೆ ಪ್ಲಗ್ ಚುಚ್ಚಿ ಲಿಫ್ಟಿನಲ್ಲಿ ಮೇಲೆ ಹೋಗಿ ಮಲಗ್ತಾರೆ. ಅವರಿಗೆ ಪಾಳಿ ಇಲ್ಲ.

ಯೂನಿಟ್ ಲೆಕ್ಕದಲ್ಲಿ ಕಾರು ತಪ್ಪು ಮಾಡ್ತಿದೆ ಅಂತ ನಾನು ಹೇಳ್ತಿಲ್ಲ. ಆಗಿನ ಬ್ಯಾಟರಿ 93.4 ಕಿಲೋವ್ಯಾಟ್ ಅವರ್, ಅಂದರೆ ನಮ್ಮ ಪಂಪು ಎರಡು ಮೂರು ದಿನ ಕುಡಿಯೋ ಕರೆಂಟು. ಒಮ್ಮೆ ತುಂಬಿಸಿದರೆ ಕಾರು ನಾನೂರು ಕಿಲೋಮೀಟರ್ ಆಸುಪಾಸು ಓಡುತ್ತೆ. ತಿಂಗಳ ಲೆಕ್ಕ ಹಾಕಿದರೆ ಪಂಪೇ ಜಾಸ್ತಿ ತಿನ್ನುತ್ತೆ. ನಾನು ಕೇಳ್ತಿರೋದು ಹಸಿರು ಬಣ್ಣದ ಬಗ್ಗೆ. ನಮ್ಮ ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ರೈತರ ಜಮೀನನ್ನ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಯಿಂದ ಶುರುಮಾಡಿ ತಗೊಂಡು ಮಾಡಿದ್ದು. ಕಾರಿನವರು ತೋರಿಸೋದು ಅದರ ಫೋಟೋ. ಆದರೆ ರಾತ್ರಿ ಬೇಸ್‌ಮೆಂಟಿನಲ್ಲಿ ಪ್ಲಗ್ ಚುಚ್ಚಿದಾಗ ಪಾವಗಡದಲ್ಲೂ ಕತ್ತಲೆ ತಾನೇ? ಆಗ ಬರೋದರಲ್ಲಿ ಶರಾವತಿಯ ನೀರಿನದೂ ಇರುತ್ತೆ, ರಾಯಚೂರಿನ ಕಲ್ಲಿದ್ದಲಿನದೂ ಇರುತ್ತೆ. ಹೊಗೆ ಕೊಳವೆ ಕಾರಿಗೆ ಇಲ್ಲ, ರಾಯಚೂರಿಗೆ ಇದೆ.

ಇಷ್ಟನ್ನ ನುಂಗಿಕೊಳ್ಳಬಹುದು. ನುಂಗೋಕಾಗದ್ದು ತೆರಿಗೆ.

2019ರ ಆಗಸ್ಟಿನಿಂದ ಎಲೆಕ್ಟ್ರಿಕ್ ಗಾಡಿಗಳ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಒಳ್ಳೇದೇ. ಆದರೆ ಎಪ್ಪತ್ತು ಸಾವಿರದ ಸ್ಕೂಟರಿಗೂ 5, ಎರಡು ಕೋಟಿಯ ಕಾರಿಗೂ 5. 2021ರಲ್ಲಿ ಪೆಟ್ರೋಲ್ ಐಷಾರಾಮಿ ಕಾರಿಗೆ 28ರ ಮೇಲೆ ಸೆಸ್ ಬೀಳ್ತಿತ್ತು, ಇದಕ್ಕೆ ಅದೂ ಇರಲಿಲ್ಲ. ಅಪ್ಪನ ಸ್ಪ್ಲೆಂಡರ್‌ನಂಥ ಬೈಕು ಆಗ ಹೊಸದಾಗಿ ತಗೊಂಡಿದ್ದರೆ ಎಷ್ಟು ಗೊತ್ತಾ? 28. ಹಾಲು ಹಾಕೋಕೆ, ಗೊಬ್ಬರದ ಮೂಟೆ ತರೋಕೆ, ಮೊಮ್ಮಗಳನ್ನ ಸ್ಕೂಲಿಗೆ ಬಿಡೋಕೆ ಇರೋ ಗಾಡಿಗೆ 28 ಇತ್ತು.

ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಇತ್ತು. 2016ರಿಂದ ಎಲೆಕ್ಟ್ರಿಕ್ ಗಾಡಿಗಳಿಗೆ ನಮ್ಮಲ್ಲಿ ರಸ್ತೆ ತೆರಿಗೆ ಪೂರ್ತಿ ಮಾಫಿ ಆಗಿತ್ತು. 2021ರಲ್ಲಿ ಬೆಲೆಗೆ ಮಿತಿಯೇ ಇರಲಿಲ್ಲ. ಟೈಕಾನಿನ ಬೆಲೆ ಆಗಿನ್ನೂ ಹೇಳಿರಲಿಲ್ಲ, ಆದರೆ ಅದೇ ಪ್ಲಾಟ್‌ಫಾರ್ಮಿನ ದಾಯಾದಿ ಆಡಿ ಇ-ಟ್ರಾನ್ ಜಿಟಿ 2021ರ ಸೆಪ್ಟೆಂಬರಿನಲ್ಲಿ ಸುಮಾರು 1.80 ಕೋಟಿಗೆ ಬಂದಿತ್ತು. ಇಪ್ಪತ್ತು ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಇಲ್ಲಿ ಜೀವಾವಧಿ ತೆರಿಗೆ 18 ಪರ್ಸೆಂಟ್. ಆ ಲೆಕ್ಕದಲ್ಲಿ ಇಂಥ ಒಂದೊಂದು ಕಾರಿಗೂ ಬಿಟ್ಟುಕೊಡ್ತಿದ್ದದ್ದು ಮೂವತ್ತೆರಡು ಲಕ್ಷ ಚಿಲ್ಲರೆ. ಎಪ್ಪತ್ತೈದು ಸಾವಿರದ ಬೈಕಿನವನು 12 ಪರ್ಸೆಂಟ್, ಅಂದರೆ ಒಂಬತ್ತು ಸಾವಿರ ಕಟ್ತಾನೆ. ಮುನ್ನೂರ ಅರವತ್ತು ಬೈಕಿನವರು ಸಾಲಾಗಿ ಆರ್‌ಟಿಓ ಮುಂದೆ ನಿಂತು ಕಟ್ಟಿದ ದುಡ್ಡು ಒಬ್ಬ ಕಾರಿನವರಿಗೆ ಬಿಟ್ಟಂತಾಯ್ತು. ಇದಕ್ಕೆ ಸಬ್ಸಿಡಿ ಅಂತ ಯಾರೂ ಅನ್ನಲ್ಲ, ಪ್ರೋತ್ಸಾಹ ಅಂತಾರೆ. ರೈತನಿಗೆ ಕೊಟ್ಟರೆ ಅದು ಬಿಟ್ಟಿ ಭಾಗ್ಯ.

ಆಮದು ಸುಂಕ ಇಲ್ವಾ ಅಂತ ನೀವು ಕೇಳ್ತೀರಿ. ಇದೆ. 2021ರಲ್ಲಿ ನಲವತ್ತು ಸಾವಿರ ಡಾಲರ್ ದಾಟಿದ ರೆಡಿ ಕಾರಿಗೆ ನೂರು ಪರ್ಸೆಂಟ್ ಇತ್ತು. ಅದು ಹೊರಗಿನ ಮಾಲು ಅಂತ ಬೀಳೋದು, ಪೆಟ್ರೋಲ್ ಪೋರ್ಶೆಗೂ ಬೀಳುತ್ತೆ. ನಾನು ಕೇಳ್ತಿರೋದು ರಸ್ತೆ ತೆರಿಗೆ. ಎರಡು ಟನ್ನು ದಾಟಿದ ಈ ಕಾರು ರಸ್ತೆ ಸವೆಸಲ್ವಾ? ಸಿಗ್ನಲ್ಲಿನಲ್ಲಿ ಜಾಗ ಹಿಡಿಯಲ್ವಾ? 2019ರ ಟಾಮ್‌ಟಾಮ್ ಪಟ್ಟಿಯಲ್ಲಿ ಟ್ರಾಫಿಕ್ಕಿಗೆ ಜಗತ್ತಿನಲ್ಲೇ ಮೊದಲ ಸ್ಥಾನ ಪಡೆದ ಊರು ನಮ್ಮದು. ಸಿಲ್ಕ್ ಬೋರ್ಡಿನಲ್ಲಿ ಪೆಟ್ರೋಲ್ ಕಾರು ತಿನ್ನುವಷ್ಟೇ ಜಾಗವನ್ನ ಎಲೆಕ್ಟ್ರಿಕ್ ಕಾರೂ ತಿನ್ನುತ್ತೆ, ಹಿಂದೆ ಸಿಕ್ಕಿಬಿದ್ದ ಬಿಎಂಟಿಸಿ ಬಸ್ಸಿನಲ್ಲಿ ಅರವತ್ತು ಜನ ನಿಂತಿರ್ತಾರೆ.

ಗೆಳೆಯನೊಬ್ಬ ಸಮಾಧಾನವಾಗಿ ವಾದ ಮಾಡಿದ. ಅವನದು ದಡ್ಡ ವಾದ ಅಲ್ಲ. ಎಲಾನ್ ಮಸ್ಕ್ 2006ರಲ್ಲೇ ಬರೆದಿದ್ದನಲ್ಲ, ಮೊದಲು ದುಬಾರಿ ಸ್ಪೋರ್ಟ್ಸ್ ಕಾರು ಮಾಡ್ತೀನಿ, ಆ ದುಡ್ಡಲ್ಲಿ ಅಗ್ಗದ್ದು, ಅದರ ದುಡ್ಡಲ್ಲಿ ಇನ್ನೂ ಅಗ್ಗದ್ದು ಅಂತ. ಹಾಗೇ ಮಾಡಿ ತೋರಿಸಿದ. ಮೊಬೈಲೂ ಹೀಗೇ ಬಂತು, ಮೊದಲು ಸಾಹುಕಾರರ ಕೈಗೆ, ಆಮೇಲೆ ನಿಮ್ಮಪ್ಪನ ಜೇಬಿಗೆ ಅಂದ. ಸರಿ ಕಣೋ. ಆದರೆ ತೊಂಬತ್ತರ ದಶಕದಲ್ಲಿ ಮೊಬೈಲ್ ಇಟ್ಟುಕೊಂಡವನಿಗೆ ಯಾರೂ ತೆರಿಗೆ ಮಾಫಿ ಮಾಡಿ, ನೀನು ದೇಶ ಉದ್ಧಾರ ಮಾಡ್ತಿದ್ದೀಯ ಅಂತ ಬೆನ್ನು ತಟ್ಟಲಿಲ್ಲ. ಒಳಬರುವ ಕರೆಗೂ ದುಡ್ಡು ಕಟ್ಟಿಸಿಕೊಂಡರು. ಶೋಕಿ ಮಾಡೋನು ಶೋಕಿಯ ಬೆಲೆ ಕೊಡಲಿ. ಅದರಿಂದ ಟೆಕ್ನಾಲಜಿ ಕೆಳಗೆ ಇಳಿಯೋದು ನಿಲ್ಲಲ್ಲ.

ಇನ್ನೂ ಒಂದು ಮಾತು. ನಮ್ಮಲ್ಲಿ ಅದು ಮೇಲಿನಿಂದ ಇಳಿಯಬೇಕಾಗಿಯೇ ಇರಲಿಲ್ಲ. 2001ರಲ್ಲಿ ಇದೇ ಬೆಂಗಳೂರಿನಲ್ಲಿ ಚೇತನ್ ಮೈನಿ ರೇವಾ ಅಂತ ಒಂದು ಪುಟ್ಟ ಎಲೆಕ್ಟ್ರಿಕ್ ಕಾರು ಹೊರತಂದರು. ಟೆಸ್ಲಾದ ಮೊದಲ ಕಾರು ಗಿರಾಕಿಗಳ ಕೈ ಸೇರಿದ್ದು 2008ರಲ್ಲಿ, ನೆನಪಿರಲಿ. ರೇವಾಗೆ ಸೀಸದ ಬ್ಯಾಟರಿ, ಮನೆಯ 15 ಆಂಪಿಯರ್ ಸಾಕೆಟ್ಟಿಗೇ ಚುಚ್ಚಿದರೆ ಆಯಿತು, ಎಂಬತ್ತು ಕಿಲೋಮೀಟರ್ ಓಡ್ತಿತ್ತು. ಆಫೀಸಿಗೆ ಹೋಗಿ ಬರೋಕೆ ಇನ್ನೇನು ಬೇಕಿತ್ತು? ಲಂಡನ್ನಿನವರು ಅದನ್ನ ಜಿ-ವಿಜ್ ಅನ್ನೋ ಹೆಸರಲ್ಲಿ ಕೊಂಡು ಓಡಿಸಿದರು, ಅಲ್ಲಿ ಕಂಜೆಶ್ಚನ್ ಚಾರ್ಜ್ ಇರಲಿಲ್ಲ ಅಂತ. ನಾವು? ನಾನು ಬಿಇ ಓದೋಕೆ ಬೆಂಗಳೂರಿಗೆ ಬಂದ ಹೊಸತರಲ್ಲಿ ರಸ್ತೆಯಲ್ಲಿ ಅಪರೂಪಕ್ಕೆ ಒಂದು ರೇವಾ ಕಂಡರೆ ಹಾಸ್ಟೆಲ್ ಹುಡುಗರೆಲ್ಲ ಆಟೋಗಿಂತ ಚಿಕ್ಕದು, ಎತ್ತಿ ಫುಟ್‌ಪಾತ್ ಮೇಲೆ ಇಡಬಹುದು ಅಂತ ನಗ್ತಿದ್ದೆವು. ನಾನೂ ನಕ್ಕಿದ್ದೀನಿ. 2010ರಲ್ಲಿ ಮಹೀಂದ್ರಾ ಅದನ್ನ ಕೊಂಡುಕೊಂಡಿತು. ರೇವಾಗಾಗಿ ಯಾವ ಗ್ರೂಪಿನವರೂ ದಿನ ಎಣಿಸಲಿಲ್ಲ. ಭೂಮಿ ಆಗಲೂ ಇತ್ತು, ಹೊಗೆಯೂ ಇತ್ತು. ಇಲ್ಲದೇ ಇದ್ದದ್ದು 2.8 ಸೆಕೆಂಡು.

ಹಾಗಾಗಿ ಆಗ ನನ್ನ ಕೇಳಿಕೆ ದೊಡ್ಡದೇನಿರಲಿಲ್ಲ. ಟೈಕಾನ್ ಬರಲಿ, ಓಡಲಿ, ದುಡ್ಡಿದ್ದವರು ಕೊಳ್ಳಲಿ. ಮಾಫಿ ಇಪ್ಪತ್ತು ಲಕ್ಷಕ್ಕೆ ನಿಲ್ಲಲಿ. ಅದರ ಮೇಲಿನ ಎಲೆಕ್ಟ್ರಿಕ್ ಕಾರು ಪೆಟ್ರೋಲ್ ಕಾರಿನಷ್ಟು ಬೇಡ, ಅಪ್ಪನ ಬೈಕಿನಷ್ಟಾದರೂ ರಸ್ತೆ ತೆರಿಗೆ ಕಟ್ಟಲಿ, 12 ಪರ್ಸೆಂಟ್. ಎರಡು ಕೋಟಿ ಕೊಡೋ ಮನುಷ್ಯ ಅಷ್ಟಕ್ಕೆ ಹೆದರಿ ವಾಪಸ್ ಪೆಟ್ರೋಲಿಗೆ ಹೋಗ್ತಾನೆ ಅನ್ನೋದನ್ನ ನಾನು ನಂಬಲ್ಲ. ಆ ದುಡ್ಡು ಎಲೆಕ್ಟ್ರಿಕ್ ಬಸ್ಸಿಗೋ, ಹಗಲು ಹೊತ್ತಿನ ತ್ರೀಫೇಸಿಗೋ ಹೋಗಲಿ. ಪಾವಗಡದ ಬಿಸಿಲು ಹೇಗೂ ಹಗಲೇ ಬರೋದು, ಪಂಪು ಓಡಿಸೋಕೆ ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ.

ಈ ಲೆಕ್ಕವನ್ನೆಲ್ಲ ಗ್ರೂಪಿನಲ್ಲಿ ಹಾಕಿದೆ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಹಸಿರು ಹಾರ್ಟಿನ ಆಸಾಮಿಯೇ ಬರೆದ: 'ಟೆಸ್ಟ್ ಡ್ರೈವ್ ಸಿಕ್ಕರೆ ನೀನು ಬರಲ್ವಾ ಹಾಗಾದ್ರೆ?'

ಬರ್ತೀನಿ ಅಂದೆ. ಬಂದು, ಶೋರೂಮಿನಲ್ಲೇ ನಿಂತು ರಸ್ತೆ ತೆರಿಗೆ ಎಷ್ಟು ಅಂತ ಜೋರಾಗಿ ಕೇಳ್ತೀನಿ ಅಂತಲೂ ಅಂದೆ. ನೀಲಿ ಟಿಕ್ ಬಿದ್ದು ಎರಡು ದಿನ ಆಯ್ತು.