ವ್ಯಾಧಿಯೂ ವೀರರಸವೂ

ಕ್ಯಾನ್ಸರ್ ವ್ಯಾಧಿಯಿಂದ ಪಾರಾದವರ ಅನುಭವವನ್ನು ವಸ್ತುವಾಗಿರಿಸಿಕೊಂಡ ಚಿತ್ರ, ನಾಟಕ, ಕಾವ್ಯಗಳು ಈಗ ಹೇರಳವಾಗಿ ಹುಟ್ಟುತ್ತಿವೆ. ಇದು ದೋಷವಲ್ಲ. ಕ್ರೌಂಚಪಕ್ಷಿಯ ದುಃಖವೇ ಆದಿಕಾವ್ಯಕ್ಕೆ ಬೀಜವಾಯಿತೆಂದು ನಂಬಿರುವ ನಾಡಿನಲ್ಲಿ, ಪರದುಃಖವು ಕಲೆಗೆ ವಸ್ತುವಾಗಬಾರದೆಂದು ಯಾರು ತಾನೆ ಹೇಳಿಯಾರು? ಆಕ್ಷೇಪವಿರುವುದು ಬೇರೊಂದೆಡೆ. ಇಂತಹ ಕೃತಿಗಳಲ್ಲಿ ಹಲವು ರೋಗಿಯನ್ನು ಯೋಧನೆಂದೂ, ರೋಗವನ್ನು ಶತ್ರುವೆಂದೂ, ಗುಣಹೊಂದುವುದನ್ನು ದಿಗ್ವಿಜಯವೆಂದೂ ವರ್ಣಿಸುತ್ತವೆ. ಇದು ಅನುಚಿತವು ಮಾತ್ರವಲ್ಲ, ಕ್ರೂರವೂ ಹೌದು.

ವೀರರಸದಿಂದ ರೋಗಿಗೆ ಧೈರ್ಯವುಂಟಾಗುವುದೆಂಬುದು ಪೂರ್ವಪಕ್ಷ. ಅಮೆರಿಕದ ಕವಯಿತ್ರಿ ಡೀನಾ ಮೆಟ್ಸ್‌ಗರಳ ಭಾವಚಿತ್ರವನ್ನು ಅದಕ್ಕೆ ಉದಾಹರಿಸಬಹುದು. 1977ರಲ್ಲಿ ಈಕೆ ಕ್ಯಾನ್ಸರಿಗೆ ತುತ್ತಾಗಿ ಒಂದು ಸ್ತನವನ್ನು ಕಳೆದುಕೊಂಡಳು. ಗಾಯದ ಕಲೆಯ ಮೇಲೆ ರೆಂಬೆಯೊಂದನ್ನು ಹಚ್ಚೆ ಹೊಯ್ಯಿಸಿಕೊಂಡಳು. ಆಕೆ ಬಾಹುಗಳನ್ನು ಆಕಾಶಕ್ಕೆ ಚಾಚಿ ನಿಂತಿರುವುದನ್ನು ಹೆಲ್ಲಾ ಹ್ಯಾಮಿಡ್ ಎಂಬಾಕೆ ಛಾಯಾಚಿತ್ರವಾಗಿ ತೆಗೆದಳು. ಅದಕ್ಕೆ ‘ಯೋಧೆ’ ಎಂಬ ಹೆಸರೂ ಪ್ರಸಿದ್ಧವಾಗಿದೆ. ಆದರೆ ಆ ಮೈ ಆಕೆಯದು, ಆ ನಿಲುವೂ ಆಕೆಯದೇ. ರೋಗಿಯು ತಾನಾಗಿ ತೊಟ್ಟ ಕವಚಕ್ಕೂ ಪರರು ಬಲವಂತವಾಗಿ ತೊಡಿಸಿದ ಕವಚಕ್ಕೂ ಅಂತರವಿಲ್ಲವೆ? ಮೇಲಾಗಿ, ಆ ಗಾಯದ ಮೇಲೆ ಮೂಡಿದುದು ಖಡ್ಗವಲ್ಲ, ರೆಂಬೆ.

ಇದಕ್ಕಿಂತಲೂ ಹಿಂದಿನದೊಂದು ನಿದರ್ಶನವಿದೆ. ಆಂಗ್ಲ ಕಾದಂಬರಿಕಾರ್ತಿ ಫ್ಯಾನಿ ಬರ್ನಿಯ ಸ್ತನವನ್ನು 1811ರ ಸೆಪ್ಟೆಂಬರ್ 30ರಂದು ಪ್ಯಾರಿಸಿನಲ್ಲಿ, ನೆಪೋಲಿಯನ್ನನ ಸೇನಾವೈದ್ಯನಾದ ಲಾರೆಯು ಕತ್ತರಿಸಿ ತೆಗೆದನು. ಅರಿವಳಿಕೆಯ ಔಷಧವು ಅಂದು ಬಳಕೆಗೆ ಬಂದಿರಲಿಲ್ಲ. ಆ ವೃತ್ತಾಂತವನ್ನು ಆಕೆ ಸೋದರಿಗೆ ಪತ್ರರೂಪದಲ್ಲಿ ಬರೆದು ಮುಗಿಸಲು ತಿಂಗಳುಗಳೇ ಹಿಡಿದುವು. ತಾನು ಚೀರಿದುದನ್ನು ಆಕೆ ಮರೆಮಾಚಲಿಲ್ಲ. ಬರೆದುದನ್ನು ಮತ್ತೆ ಓದಲಾರೆನೆಂಬುದನ್ನೂ ಒಪ್ಪಿಕೊಂಡಳು. ಆ ಬಳಿಕ 1840ರವರೆಗೆ ಬಾಳಿದಳು. ಅಷ್ಟು ವರ್ಷ ಬಾಳಿದಾಕೆಯೂ ಅಂದಿನ ಭಯವನ್ನು ಭಯವೆಂದೇ ಬರೆದಿಟ್ಟಳು. ಇಂದಿಗೂ ಆ ಪತ್ರವು ಎದೆ ನಡುಗಿಸುವುದು ಈ ಸತ್ಯದಿಂದಲೇ.

ಇನ್ನು ಮುಖ್ಯವಾದ ಮಾತು. ಈ ರೋಗದಲ್ಲಿ ಉಳಿವು ಅಳಿವುಗಳು ರೋಗದ ಜಾತಿ, ಅದು ಪತ್ತೆಯಾದ ಹಂತ, ದೊರೆತ ಚಿಕಿತ್ಸೆ ಇವುಗಳನ್ನು ಅವಲಂಬಿಸಿವೆಯೇ ಹೊರತು ಶೌರ್ಯವನ್ನಲ್ಲ. ಬದುಕಿದವನು ಗೆದ್ದ ವೀರನಾದರೆ, ಪಕ್ಕದ ಮಂಚದಲ್ಲಿ ಪ್ರಾಣಬಿಟ್ಟವನು ಸೋತ ಹೇಡಿಯೆ? ಅವನ ಮಕ್ಕಳು ಆ ನಾಟಕವನ್ನು ಹೇಗೆ ನೋಡಬೇಕು? ರೋಗಕ್ಕೆ ಯುದ್ಧದ ರೂಪಕಗಳನ್ನು ತೊಡಿಸುವುದನ್ನು ಸೂಸನ್ ಸೊಂಟಾಗ್ 1978ರ ತನ್ನ ಗ್ರಂಥದಲ್ಲಿ ಖಂಡಿಸಿದಳು. ತಾನೇ ಕ್ಯಾನ್ಸರ್ ರೋಗಿಯಾಗಿದ್ದರೂ ಆ ಸಂಗತಿಯನ್ನು ಅದರಲ್ಲಿ ಎತ್ತಲಿಲ್ಲ. ಅಂದು ಉಳಿದಾಕೆ 2004ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆ ಬಾರಿ ಆಕೆಯ ಪರಾಕ್ರಮವು ಕುಂದಿತ್ತೆಂದು ಹೇಳಲು ಯಾರ ನಾಲಗೆ ಏಳುತ್ತದೆ?

ಉತ್ಸಾಹವು ವೀರಕ್ಕೆ ಸ್ಥಾಯಿ. ಪಾರಾದವರ ಎದೆಯಲ್ಲಿ ಬಹುಕಾಲ ನಿಲ್ಲುವುದು ಭಯ. ಚಿಕಿತ್ಸೆ ಮುಗಿದ ಮೇಲೂ ಪ್ರತಿಯೊಂದು ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆ ಬಾರದು. ಉದುರಿದ ಕೂದಲು ಮತ್ತೆ ಮೊಳೆತರೂ ಕನ್ನಡಿಯಲ್ಲಿನ ಮುಖವು ಅಪರಿಚಿತವಾಗಿಯೇ ತೋರುವುದುಂಟು. ಇದನ್ನು ಕೇಳದೆ, ಕಾಣದೆ, ಜಯಘೋಷ ಮಾಡುವ ಕಲಾವಿದನು ನೊಂದವರನ್ನಲ್ಲ, ತನ್ನ ಪ್ರೇಕ್ಷಕರನ್ನು ಸಂತೈಸುತ್ತಾನೆ. ಕಾವ್ಯಕ್ಕೆ ಔಚಿತ್ಯವೇ ಪ್ರಾಣವೆಂದು ಸಾಧಿಸಿದ ಕ್ಷೇಮೇಂದ್ರನು ಇದನ್ನು ಒಪ್ಪುತ್ತಿರಲಿಲ್ಲ. ಯಾರ ನೋವೋ ಅವರ ಅನುಮತಿ ಮೊದಲು, ಅವರ ಮಾತು ಅನಂತರ, ಕಲಾವಿದನ ಕಲ್ಪನೆ ಕಡೆಗೆ: ಇದೇ ಯೋಗ್ಯವಾದ ಕ್ರಮ. ವಾಲ್ಮೀಕಿಯು ಕ್ರೌಂಚವನ್ನು ವೀರನನ್ನಾಗಿ ಮಾಡಲಿಲ್ಲ. ಅದರ ಸಂಗಾತಿಯ ಗೋಳನ್ನು ಕಿವಿಗೊಟ್ಟು ಕೇಳಿದನು.