ಗಣಿಗೆ ನಕ್ಷೆ ಬೇಕು, ಗಣಕಕ್ಕೆ ಬೇಡವೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ವಿಚಾರ)

ಚಿನ್ನದ ಗಣಿಯ ಊರಿನಲ್ಲಿ ಬೆಳೆದ ನಮಗೆ ನೆಲದ ಮೇಲೆ ಕಾಣುವುದು ಸ್ವಲ್ಪ, ಕೆಳಗೆ ಇರುವುದು ಬಹಳ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ ಸಯನೈಡ್ ದಿಬ್ಬಗಳು, ತುಕ್ಕು ಹಿಡಿದ ಶಾಫ್ಟುಗಳು. ಕೆಳಗೆ ಮೂರು ಕಿಲೋಮೀಟರಿಗೂ ಮೀರಿದ ಆಳದವರೆಗೆ ನೂರಿಪ್ಪತ್ತು ವರ್ಷಗಳ ಕಾಲ ಕೊರೆದ ದಾರಿಗಳು. ಇಂದಿನ ದೊಡ್ಡ ತಂತ್ರಾಂಶಗಳೂ ಹೀಗೆಯೇ ಇವೆ. ನಾವು ಪರದೆಯ ಮೇಲೆ ಕಾಣುವ ನಾಲ್ಕು ಚೌಕಗಳ ಹಿಂದೆ ಲಕ್ಷಾಂತರ ಸಾಲುಗಳ ಬರಹವಿರುತ್ತದೆ. ಅದರ ಯಾವ ಭಾಗ ಯಾವ ಕೆಲಸವನ್ನು ಮಾಡುತ್ತದೆ, ಯಾವುದು ಯಾವುದನ್ನು ಆಧರಿಸಿ ನಿಂತಿದೆ, ಹಾಗೆಯೇ ಏಕೆ ಕಟ್ಟಿದರು, ಇವೆಲ್ಲ ಸೇರಿ ಆ ತಂತ್ರಾಂಶದ ರಚನಾವಿನ್ಯಾಸವೆನಿಸುತ್ತದೆ. ಇದನ್ನು ಬರೆದಿಡಲೇಬೇಕು, ಅದೂ ಜನರಿಗೆ ತಿಳಿಯುವಂತೆ ಬರೆದಿಡಬೇಕು ಎಂಬುದು ನನ್ನ ವಾದ.

ಬಿ.ಎ. ಓದುವವನಿಗೆ ಇದರ ಗೊಡವೆ ಏಕೆ ಎಂದು ಮಿತ್ರರು ನಗಬಹುದು. ನಗಲಿ. ಮುಂಜಾನೆ ಮಾರಿಕುಪ್ಪದಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲನ್ನು ಅವರು ಒಮ್ಮೆ ನೋಡಲಿ. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ಎಷ್ಟೋ ಮನೆಗಳ ಅನ್ನ ಆ ರೈಲಿನಲ್ಲಿಯೇ ಹೋಗಿಬರುತ್ತಿದೆ. ತಂತ್ರಾಂಶ ಬರೆಯುವವರೂ, ಆ ಕಚೇರಿಗಳ ಬಾಗಿಲು ಕಾಯುವವರೂ ಒಂದೇ ಬೋಗಿಯಲ್ಲಿ ನಿಂತಿರುತ್ತಾರೆ.

ಗಣಿಯ ರೀತಿಯನ್ನು ಮೊದಲು ನೋಡೋಣ. ೧೯೬೧ರ ಲೋಹಗಣಿಗಳ ನಿಯಮಾವಳಿಯಂತೆ ಗಣಿಯವರು ಒಂದಲ್ಲ, ಹಲವು ನಕ್ಷೆಗಳನ್ನು ಇಟ್ಟಿರಬೇಕು: ಮೇಲ್ಮೈಯ ನಕ್ಷೆ, ನೆಲದೊಳಗಿನ ನಕ್ಷೆ, ಸೀಳಿ ತೋರಿಸುವ ನಕ್ಷೆ, ಗಾಳಿಯ ಸಂಚಾರದ ನಕ್ಷೆ. ಗಣಿ ಒಂದೇ, ಅದನ್ನು ಕೇಳುವ ಪ್ರಶ್ನೆಗಳು ಬೇರೆ ಬೇರೆ. ಉಸಿರಾಟದ ಚಿಂತೆಯಿರುವವನಿಗೂ ಅದಿರಿನ ಚಿಂತೆಯಿರುವವನಿಗೂ ಒಂದೇ ಚಿತ್ರ ಸಾಲುವುದಿಲ್ಲ. ತಂತ್ರಾಂಶದವರು ಇದೇ ಮಾತಿಗೆ ಬಂದದ್ದು ಬಹಳ ತಡವಾಗಿ. ಫಿಲಿಪ್ ಕ್ರುಕ್ಟನ್ ಎಂಬವರು ೧೯೯೫ರಲ್ಲಿ, ದೊಡ್ಡ ತಂತ್ರಾಂಶವನ್ನು ಒಂದೇ ಚಿತ್ರದಲ್ಲಿ ತುರುಕಬಾರದು, ನಾಲ್ಕಾರು ನೋಟಗಳಲ್ಲಿ ಬಿಡಿಸಿ ತೋರಿಸಬೇಕು ಎಂದು ಬರೆದರು. ಚಾಂಪಿಯನ್ ರೀಫಿನಲ್ಲಿ ದುಡಿದ ನನ್ನ ತಾತನಿಗೆ ಓದು ಬರುತ್ತಿರಲಿಲ್ಲ. ಆದರೂ ಸರ್ವೆಯವರ ನಕ್ಷೆಯೆಂದರೆ ಅವರಿಗೆ ದೇವರ ಪಟದಷ್ಟೇ ಗೌರವವಿತ್ತು.

ನಕ್ಷೆಯಿದ್ದರೆ ಮಾತ್ರ ಸಾಲದು, ಅದು ಕೊನೆಯ ದಿನದವರೆಗೆ ತಿದ್ದಿದ ನಕ್ಷೆಯಾಗಿರಬೇಕು. ೨೦೦೨ರ ಜುಲೈನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೆಕ್ರೀಕ್ ಕಲ್ಲಿದ್ದಲು ಗಣಿಯಲ್ಲಿ ಕೆಲಸಗಾರರು ಪಕ್ಕದ ಹಳೆಯ ಗಣಿಯ ಗೋಡೆಯನ್ನು ಒಡೆದುಬಿಟ್ಟರು. ಅಲ್ಲಿ ತುಂಬಿದ್ದ ನೀರು ಒಳನುಗ್ಗಿತು. ಅವರ ಹತ್ತಿರ ಹಳೆಯ ಗಣಿಯ ನಕ್ಷೆ ಇತ್ತು. ಆದರೆ ಅದು ಕೊನೆಯ ನಕ್ಷೆಯಾಗಿರಲಿಲ್ಲ. ಸಿಕ್ಕಿಕೊಂಡ ಒಂಬತ್ತು ಮಂದಿಯನ್ನೂ ಮೂರು ದಿನಗಳ ಮೇಲೆ ಜೀವಸಹಿತ ಮೇಲೆತ್ತಿದರೆಂಬುದು ಅದೃಷ್ಟವೇ ಸರಿ.

ಇನ್ನು ನಮ್ಮ ರೈತರ ವಿಷಯಕ್ಕೆ ಬರುತ್ತೇನೆ. ಬಂಗಾರಪೇಟೆಯ ಸುತ್ತಣ ಹಳ್ಳಿಗಳಲ್ಲಿ ಪಹಣಿಯೆಂದರೆ ಮನೆಯ ಮಾನ. ಮೊದಲು ಅದು ಶಾನುಭೋಗರ, ಅನಂತರ ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ಗಣಿ ಮುಚ್ಚಿದ ಆ ಕಾಲದಲ್ಲಿಯೇ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ‘ಭೂಮಿ’ ಎಂಬ ತಂತ್ರಾಂಶದೊಳಕ್ಕೆ ಹೋದವು. ಅದನ್ನು ಕಟ್ಟಿದವರು ಎರಡು ಜಾಣತನದ ತೀರ್ಮಾನಗಳನ್ನು ಮಾಡಿದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳತಕ್ಕದ್ದು, ನಡುವಿನಿಂದ ಆರಿಸುವಂತಿಲ್ಲ, ಇದು ಒಂದು. ದಾಖಲೆಯನ್ನು ತಿದ್ದುವ ನೌಕರನು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಇದು ಇನ್ನೊಂದು. ಮೊದಲನೆಯದರಿಂದ ‘ನಿನ್ನ ಅರ್ಜಿಯನ್ನು ಮುಂದಕ್ಕೆ ತರುತ್ತೇನೆ’ ಎಂದು ಕೈಯೊಡ್ಡುವ ದಾರಿ ಕಿರಿದಾಯಿತು. ಎರಡನೆಯದರಿಂದ ‘ನಾನು ತಿದ್ದಿಲ್ಲ’ ಎನ್ನುವ ದಾರಿ ಮುಚ್ಚಿತು.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಸರದಿಯ ನಿಯಮ ತಂತ್ರಾಂಶದ ಸಾಲುಗಳಲ್ಲಿರುತ್ತದೆ. ಲಂಚವನ್ನು ತಡೆಯಲು ಆ ನಿಯಮ ಎಂಬ ಕಾರಣ ಆ ಸಾಲುಗಳಲ್ಲಿರುವುದಿಲ್ಲ. ಹತ್ತು ವರ್ಷದ ಮೇಲೆ ಹೊಸ ಎಂಜಿನಿಯರೊಬ್ಬರು ಬಂದು, ‘ಇದೇನು ತೊಡಕು, ನೌಕರರು ಬೇಕಾದ ಅರ್ಜಿಯನ್ನು ಆರಿಸಿಕೊಳ್ಳಲಿ’ ಎಂದು ಒಳ್ಳೆಯ ಮನಸ್ಸಿನಿಂದಲೇ ತೆಗೆದುಹಾಕಬಹುದು. ಕೆಲಸ ಸಲೀಸಾಯಿತೆಂದು ಎಲ್ಲರೂ ಹೊಗಳುವರು. ಬಡ ರೈತನಿಗೆ ಮಾತ್ರ ಹಳೆಯ ಕಾಲ ಮರಳಿ ಬಂದಿರುತ್ತದೆ. ‘ಭೂಮಿ’ಯ ಈ ಕಾರಣಗಳು ಲೇಖನಗಳಲ್ಲಿ ಪ್ರಕಟವಾಗಿರುವುದರಿಂದಲೇ ನನ್ನಂಥವನಿಗೂ ತಿಳಿದವು. ಪ್ರತಿಯೊಂದು ತೀರ್ಮಾನಕ್ಕೂ ಇಂಥ ಭಾಗ್ಯವಿರಬೇಕಲ್ಲವೆ?

ವಿನ್ಯಾಸದಲ್ಲಿಯೂ ವಿವೇಕ ಬೇಕು. ಡೇವಿಡ್ ಪಾರ್ನಾಸ್ ಎಂಬ ಪಂಡಿತರು ೧೯೭೨ರಲ್ಲಿಯೇ, ಮುಂದೆ ಬದಲಾಗಬಹುದಾದುದನ್ನು ಗುರುತಿಸಿ ಒಂದೊಂದನ್ನೂ ಒಂದೊಂದು ಕೋಣೆಯಲ್ಲಿ ಬಚ್ಚಿಡಿ ಎಂದು ತಿಳಿಸಿದ್ದರು. ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಈಚಿನ ವರ್ಷಗಳಲ್ಲಿ ಬಂಗಾರಪೇಟೆ ತಾಲ್ಲೂಕಿನಿಂದ ಕೆ.ಜಿ.ಎಫ್. ತಾಲ್ಲೂಕು ಬೇರೆಯಾಯಿತು. ತಾಲ್ಲೂಕೆಂದರೆ ಕಲ್ಲಿನಂತೆ ಕದಲದ್ದೆಂದು ನಂಬಿ ಕಟ್ಟಿದ ತಂತ್ರಾಂಶವಾದರೆ ನೂರು ಕಡೆ ಒಡೆದು ಕಟ್ಟಬೇಕು. ತಾಲ್ಲೂಕಿನ ವಿಷಯವನ್ನೆಲ್ಲ ಒಂದು ಕಡೆ ಇಟ್ಟಿದ್ದರೆ ಒಂದೇ ಕಡೆ ತಿದ್ದಿದರೆ ಸಾಕು. ಆ ಒಂದು ಕಡೆ ಎಲ್ಲಿದೆಯೆಂದು ಹೇಳುವುದು ನಕ್ಷೆಯ ಕೆಲಸ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ನಮ್ಮ ಗಣಿ ಮುಚ್ಚಿದ ಆ ಫೆಬ್ರವರಿಯಲ್ಲಿಯೇ ಅಮೆರಿಕದ ಯೂಟಾದಲ್ಲಿ ಹದಿನೇಳು ಮಂದಿ ತಜ್ಞರು ಸೇರಿ, ರಾಶಿ ಕಾಗದಕ್ಕಿಂತ ಕೆಲಸ ಮಾಡುವ ತಂತ್ರಾಂಶ ಹೆಚ್ಚಿನದೆಂದು ಸಾರಿದರು. ಅವರು ಬರೆಯಲೇಬೇಡಿ ಎನ್ನಲಿಲ್ಲ. ಆದರೆ ಸೋಮಾರಿಗಳಿಗೆ ಅಷ್ಟೇ ಸಾಕಾಯಿತು. ಪರಿಚಯದ ಅಣ್ಣನೊಬ್ಬ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾನೆ. ಅಲ್ಲಿ ಒಬ್ಬರು ಕೆಲಸ ಬಿಟ್ಟುಹೋದ ಮೇಲೆ, ಒಂದು ಭಾಗ ಏಕೆ ಹಾಗಿದೆಯೆಂದು ತಿಳಿಯದೆ ಎಲ್ಲರೂ ಎರಡು ತಿಂಗಳು ಅದನ್ನು ಮುಟ್ಟಲು ಹೆದರಿದ್ದರಂತೆ. ಇನ್ನೂ ಗಟ್ಟಿಯಾದ ಆಕ್ಷೇಪಣೆ ಡೆನ್ಮಾರ್ಕಿನ ಪೀಟರ್ ನೌರ್ ಅವರದು. ತಂತ್ರಾಂಶದ ನಿಜವಾದ ತಿಳಿವು ಕಟ್ಟಿದವರ ಮನಸ್ಸಿನಲ್ಲಿರುತ್ತದೆ, ಕಾಗದ ಅದನ್ನು ಪೂರ್ಣವಾಗಿ ಹೊರಲಾರದು ಎಂದು ಅವರು ೧೯೮೫ರಲ್ಲಿ ವಾದಿಸಿದರು. ಇದನ್ನು ನಾನು ಒಪ್ಪುತ್ತೇನೆ. ಬಂಡೆಯ ಸದ್ದು ಕೇಳಿಯೇ ಅಪಾಯವನ್ನು ಅರಿಯುತ್ತಿದ್ದ ಹಳೆಯ ಕೆಲಸಗಾರನ ಕಿವಿಯನ್ನು ಯಾವ ನಕ್ಷೆ ಹೊತ್ತೀತು? ಆದರೆ ಆ ಕಿವಿಯನ್ನು ನಂಬಿಕೊಂಡು ಯಾರೂ ನಕ್ಷೆಯನ್ನು ಸುಟ್ಟುಹಾಕಲಿಲ್ಲ. ಕಂಪನಿಗಳಲ್ಲಿ ಜನ ಎರಡು ಮೂರು ವರ್ಷಕ್ಕೆ ಮನೆ ಬದಲಾಯಿಸಿದಂತೆ ಕೆಲಸ ಬದಲಾಯಿಸುವ ಈ ಕಾಲದಲ್ಲಿ, ಮನಸ್ಸಿನಲ್ಲಿರುವ ತಿಳಿವು ರೈಲು ಹತ್ತಿ ಹೊರಟುಹೋಗುತ್ತದೆ.

ಬರೆಯುವ ಕ್ರಮವೂ ಕಷ್ಟದ್ದಲ್ಲ. ಮೈಕೆಲ್ ನೈಗಾರ್ಡ್ ಎಂಬವರು ೨೦೧೧ರಲ್ಲಿ ಒಂದು ಸರಳ ರೀತಿಯನ್ನು ಪ್ರಚಾರಕ್ಕೆ ತಂದರು: ಒಂದು ತೀರ್ಮಾನಕ್ಕೆ ಒಂದು ಸಣ್ಣ ಟಿಪ್ಪಣಿ. ಆಗಿನ ಸಂದರ್ಭವೇನು, ಏನು ನಿಶ್ಚಯಿಸಿದೆವು, ಅದರಿಂದ ಏನಾಗುವುದು, ಇಷ್ಟೇ. ತೀರ್ಮಾನ ಬದಲಾದರೆ ಹಳೆಯದನ್ನು ಅಳಿಸದೆ ಹೊಸದನ್ನು ಬರೆಯಬೇಕು. ಇದರ ಜೊತೆಗೆ ಕೈಬಿಟ್ಟ ದಾರಿಗಳನ್ನೂ ಬರೆಯಬೇಕೆಂದು ನಾನು ಸೇರಿಸುತ್ತೇನೆ. ಪಂಚಾಯತಿಯ ನಡವಳಿ ಪುಸ್ತಕವನ್ನು ನೋಡಿದವರಿಗೆ ಇದು ಹೊಸದಾಗಿ ತೋರದು.

ಆದುದರಿಂದ ಸರಕಾರ ಪ್ರಜೆಗಳ ಹಣದಿಂದ ಕಟ್ಟಿಸುವ ತಂತ್ರಾಂಶಗಳ ನಕ್ಷೆಯನ್ನು, ಕಳ್ಳರಿಗೆ ನೆರವಾಗುವ ಗುಟ್ಟುಗಳನ್ನು ಬಿಟ್ಟು, ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಅದು ಇಲಾಖೆಯ ಬೀರುವಿನಲ್ಲಿದ್ದರೆ ಸಾಲದು. ನೋಂದಣಿ ‘ಕಾವೇರಿ’ಯಲ್ಲಿ, ಖಾತೆ ‘ಭೂಮಿ’ಯಲ್ಲಿ, ಅಳತೆ ‘ಮೋಜಿಣಿ’ಯಲ್ಲಿ ನಡೆಯುತ್ತದೆ, ೨೦೨೩ರಲ್ಲಿ ‘ಕಾವೇರಿ’ಯನ್ನು ಹೊಸದಾಗಿಯೇ ಕಟ್ಟಿದರು. ಕ್ರಯಪತ್ರ ಮಾಡಿಸಿದ ರೈತನಿಗೆ ತನ್ನ ಕಾಗದ ಇವುಗಳಲ್ಲಿ ಯಾವುದರಿಂದ ಯಾವುದಕ್ಕೆ ಹೋಗಿದೆ, ಎಲ್ಲಿ ನಿಂತಿದೆ, ಯಾವ ಕಿಟಕಿಯಲ್ಲಿ ಕೇಳಬೇಕು ಎಂಬುದು ನಾಡಕಚೇರಿಯ ಗೋಡೆಯ ಮೇಲೆ ಒಂದು ಹಾಳೆಯಲ್ಲಿ ಕಾಣಬೇಕು. ಎಂಜಿನಿಯರುಗಳಿಗೆ ಕನ್ನಡದಲ್ಲಿ ಬರೆಯಲು ಪುರುಸೊತ್ತಿಲ್ಲವಾದರೆ ನಮ್ಮನ್ನು ಕರೆಯಲಿ. ನಾಲ್ಕು ಜನರನ್ನು ಕೇಳಿ, ಕಾರಣವನ್ನು ವಿಚಾರಿಸಿ, ತಿಳಿಯುವಂತೆ ಬರೆಯುವುದನ್ನೇ ಮೂರು ವರ್ಷಗಳಿಂದ ನಮಗೆ ಇಲ್ಲಿ ಕಲಿಸುತ್ತಿದ್ದಾರೆ. ಬೆಳಗಿನ ರೈಲಿನಲ್ಲಿ ನಿಲ್ಲಲು ನಾವೂ ಸಿದ್ಧರಿದ್ದೇವೆ.